ಗಂಗವ್ವ ಕಾಲು ತೊಳೆದುಕೊಂಡು ಒಳಗೆ ಬಂದಳು

ನನ್ನ ಮೊಮ್ಮಗನ ಮದುವೆ ಗಟ್ಟಿಯಾಯಿತು! ನಿನ್ನೆ ಮಧ್ಯಾಹ್ನ ಹೆಣ್ಣಿನ ಕಡೆಯವರು ನಮ್ಮೂರ ಕೆರೆಯ ನೀರು ಕುಡಿದು ಹೂಂ ಅಂದರು. ಅವರು ಅಂದದ್ದೇ ತಡ, ನಾನು ಸಕ್ಕರೆ ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹಂಚುತ್ತ ಹೋದೆ. ಸಕ್ಕರೆ ಮುಗಿಯಿತು, ನನ್ನ ಹಿಗ್ಗು ಮುಗಿಯಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಬೇಕು.

ನೀರು ಕುಡಿದು ಹೂಂ ಅಂದರು ಎನ್ನುವುದು ಹೊರಗಿನವರಿಗೆ ದೊಡ್ಡ ಮಾತು ಅನ್ನಿಸಲಿಕ್ಕಿಲ್ಲ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ನಮ್ಮದು ನವಲಗುಂದದಿಂದ ಒಳಗೆ, ಎರೆ ಹೊಲಗಳ ನಡುವೆ ಇರುವ ಸಣ್ಣ ಊರು. ಕಪ್ಪು ನೆಲ, ಜೋಳ, ಕಡಲೆ, ಹತ್ತಿ ಚೆನ್ನಾಗಿ ಕೊಡುತ್ತದೆ. ಸಿಹಿನೀರು ಮಾತ್ರ ಕೊಡುವುದಿಲ್ಲ. ಎಲ್ಲಿ ಬೋರು ಕೊರೆದರೂ ಸವುಳು. ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಚಹಾಕ್ಕೆ ಹಾಲು ಹಾಕಿದರೆ ಒಡೆಯುತ್ತದೆ. ಹೀಗಾಗಿ ಊರಿಗೆಲ್ಲ ಕುಡಿಯಲು ಇರುವುದು ಒಂದೇ ಕೆರೆ. ಮಳೆಯ ನೀರು ಬೇಸಿಗೆಯ ಹೊತ್ತಿಗೆ ತಳ ಸೇರುತ್ತದೆ. ಆಗ ಮಲಪ್ರಭಾ ಕಾಲುವೆಗೆ ಕುಡಿಯುವ ಸಲುವಾಗಿ ನೀರು ಬಿಡುತ್ತಾರೆ. ಸರದಿಯಂತೆ ಒಂದೊಂದು ಊರು ತನ್ನ ಕೆರೆ ತುಂಬಿಸಿಕೊಳ್ಳಬೇಕು. ನಮ್ಮದು ಕಾಲುವೆಯ ಕೊನೆಯ ಊರು. ಎಲ್ಲರ ಕೆರೆ ತುಂಬಿದ ಮೇಲೆ ಉಳಿದದ್ದು ನಮಗೆ.

ಆ ಕೆರೆ ಕಾಯುವ ಕೆಲಸ ನನ್ನದು. ಮೊದಲು ನಮ್ಮ ಯಜಮಾನರು ಮಾಡುತ್ತಿದ್ದರು. ಅವರು ಹೋದ ಮೇಲೆ ಪಂಚಾಯತಿಯವರು ನನಗೇ ವಹಿಸಿದರು. ಚಪ್ಪಲಿ ಹಾಕಿಕೊಂಡು ಯಾರೂ ಮೆಟ್ಟಿಲು ಇಳಿಯಬಾರದು, ಅರಿವೆ ಒಗೆಯಬಾರದು, ದನ ಬಿಡಬಾರದು. ನನ್ನ ಕೈಯಲ್ಲಿ ಕೋಲು ಇದೆ. ಆದರೆ ಇಷ್ಟು ವರ್ಷ ಬಾಯಿಯಿಂದಲೇ ಕೆಲಸ ನಡೆದಿದೆ.

ಮೊಮ್ಮಗ ಊರಲ್ಲೇ ಗಿರಣಿ ಇಟ್ಟಿದ್ದಾನೆ. ಜೋಳ ಬೀಸುತ್ತಾನೆ, ಖಾರ ಕುಟ್ಟುತ್ತಾನೆ, ಬೇಸಿಗೆಯಲ್ಲಿ ಶ್ಯಾವಿಗೆ ಹಾಕಿಕೊಡುತ್ತಾನೆ. ಸುತ್ತಲಿನ ಊರವರೂ ಅವನ ಕಡೆಗೇ ಬರುತ್ತಾರೆ. ಇಷ್ಟಿದ್ದೂ ಹೆಣ್ಣು ಸಿಗುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಒಬ್ಬರು ಮನೆ ನೋಡಲು ಬಂದಿದ್ದರು. ಸೊಸೆ ಎಷ್ಟು ಜೋಪಾನ ಮಾಡಿದರೂ ಚಹಾ ಒಡೆದೇಹೋಯಿತು. ಹುಡುಗಿಯ ತಂದೆ ಬಟ್ಟಲು ನೋಡಿ, ಹೊರಗೆ ಕೊಡ ಹೊತ್ತು ಹೋಗುವ ಹೆಂಗಸರನ್ನು ನೋಡಿ, "ಹುಡುಗ ಬಂಗಾರ ಅದಾನ್ರಿ. ಆದ್ರ ನಮ್ಮ ಮಗಳ ನೆತ್ತಿ ಮ್ಯಾಲಿನ ಕೂದಲಾ ಉಳಿಬೇಕಲ್ರಿ," ಎಂದು ಎದ್ದುಬಿಟ್ಟರು. ಸೊಸೆ ಒಳಗೆ ಹೋಗಿ ಅತ್ತಳು.

ಈ ಸಲದ ಸಂಬಂಧ ಬಂದದ್ದು ಕುಂದಗೋಳದ ಕಡೆಯಿಂದ. ಹುಡುಗಿ ಮನೆಯಲ್ಲಿ ಆಕಳು ಸಾಕಿ, ಹಾಲಿನ ವ್ಯವಹಾರ ತಾನೇ ನೋಡಿಕೊಳ್ಳುವವಳು. ಮದುವೆಯಾದ ಊರಲ್ಲೂ ಆಕಳು ಕಟ್ಟಬೇಕೆಂಬುದು ಅವಳ ಆಸೆ. ಅವಳ ತಂದೆ ಫೋನಿನಲ್ಲಿ ಒಂದೇ ಮಾತು ಹೇಳಿದರು: "ನಿಮ್ಮೂರ ನೀರಿನ ಸುದ್ದಿ ನಮಗೂ ಗೊತ್ತೈತ್ರಿ. ಕೆರಿ ತುಂಬಿದ ಮ್ಯಾಲ ಹೇಳ್ರಿ, ಬಂದು ಮನಿ ನೋಡ್ತೇವಿ. ನೀರು ಚಲೋ ಇರಲಿಲ್ಲಂದ್ರ ಮುಂದಿನ ಮಾತು ಬ್ಯಾಡ, ಸುಮ್ನ ಇಬ್ಬರಿಗೂ ಬ್ಯಾಸರ."

ಅಂದರೆ ಮೊಮ್ಮಗನ ಮದುವೆ ನನ್ನ ಕೆರೆಯಲ್ಲಿ ಬಂದು ನಿಂತಿತು.

ಕೆರೆ ತುಂಬಿದರೆ ಸಾಲದು, ನೀರು ಕೆಡಬಾರದು. ಹೋದ ವರ್ಷ ಕೆಟ್ಟಿತ್ತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಕಾಲುವೆಯ ಮೊದಲ ನೀರು ಊರ ಬಾಯಿಗೆ ಬಂದ ಕೂಡಲೇ ಹೆಂಗಸರು ಆರತಿ, ಹಸಿರು ಬಳೆ, ಕುಪ್ಪಸದ ಖಣ ತೆಗೆದುಕೊಂಡು ಹೋಗಿ ಗಂಗವ್ವನ ಪೂಜೆ ಮಾಡುತ್ತಾರೆ. ಪೂಜೆ ಮಾಡಿದ ನೀರನ್ನು ಒಂದು ಗಳಿಗೆಯೂ ಹೊರಗೆ ನಿಲ್ಲಿಸುವಂತಿಲ್ಲ, ಗೇಟು ಎತ್ತಲೇಬೇಕು. ಹೋದ ವರ್ಷವೂ ಎತ್ತಿದರು. ದೊಡ್ಡ ಕಾಲುವೆಯಿಂದ ನಮ್ಮ ಕೆರೆಯವರೆಗಿನದು ಮಣ್ಣಿನ ಸಣ್ಣ ಕಾಲುವೆ. ವರ್ಷವಿಡೀ ಒಣಗಿ, ಅದರ ಮೈಮೇಲೆ ಉಪ್ಪು ಬೆಳ್ಳಗೆ ಪೊರೆ ಕಟ್ಟಿರುತ್ತದೆ. ಕೊಳೆತ ಎಲೆ, ಪ್ಲಾಸ್ಟಿಕ್ಕು, ಸತ್ತ ಹೆಗ್ಗಣ ಎಲ್ಲ ಇರುತ್ತದೆ. ಮೊದಲ ನೀರು ಅದನ್ನೆಲ್ಲ ತೊಳೆದುಕೊಂಡು ಕೆರೆಗೆ ಬಂತು. ತುಂಬಿದ ಕೆರೆ ಕೆಲವೇ ದಿನಕ್ಕೆ ಹಸಿರುಗಟ್ಟಿ ನಾರಿತು. ಕಾಲುವೆಯ ಸಿಹಿನೀರೂ ಸವುಳಾಯಿತು. ಯಾರನ್ನು ಬೈಯುವುದು? ಪೂಜೆ ಮಾಡಿದವರು ನಾವೇ.

ಈ ವರ್ಷ ಮೊದಲೇ ಕೆಲಸ ಹಿಡಿದೆವು. ತಳದಲ್ಲಿ ಉಳಿದ ನೀರನ್ನು ಪಂಪು ಹಚ್ಚಿ ತೆಗೆದೆವು; ಕೆರೆ ಮತ್ತೆ ತುಂಬುವ ತನಕ ಮನೆಗೆ ನಾಲ್ಕು ಕೊಡದಂತೆ ಟ್ಯಾಂಕರಿನ ನೀರು ಬಂತು. ಉದ್ಯೋಗ ಖಾತ್ರಿಯ ಕೂಲಿಯವರು ಹೂಳು ಎತ್ತಿದರು. ರೈತರು ಟ್ರ್ಯಾಕ್ಟರು ತಂದು ಆ ಹೂಳನ್ನು ಹೊಲಕ್ಕೆ ಒಯ್ದರು. ಎಷ್ಟೋ ವರ್ಷ ಹುಗಿದುಹೋಗಿದ್ದ ಕೆಳಗಿನ ಕಲ್ಲಿನ ಮೆಟ್ಟಿಲುಗಳು ಕಂಡಾಗ ನಾನು ಇಳಿದು ಕೈಯಿಂದ ಸವರಿದೆ. ಕೆರೆಯ ಬಾಯಿಗೆ ಕಬ್ಬಿಣದ ಗೇಟು ಇದೆ. ಅದು ತುಕ್ಕು ಹಿಡಿದು ಕದಲಲಿಲ್ಲ. ಮೊಮ್ಮಗ ಗಿರಣಿಯ ಯಂತ್ರದಿಂದ ತೆಗೆದ ಹಳೆಯ ಎಣ್ಣೆ ಕುಡಿಸಿ, ಬಡಿದು, ಬೈದು, ಅಂತೂ ಅದರ ಚಕ್ರ ತಿರುಗುವ ಹಾಗೆ ಮಾಡಿದ. ಗೇಟಿನ ಮುಂದೆ ಕಸ ತಡೆಯಲು ಹೊಸ ಜಾಳಿಗೆ ಹಾಕಿದೆವು.

ಸಣ್ಣ ಕಾಲುವೆಯದೇ ದೊಡ್ಡ ಕಷ್ಟ. ಜಾಲಿ ಕಂಟಿ ಕಡಿದೆವು, ಕಸ ಬಳಿದೆವು. ಆದರೆ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಕೈ ಹಾಕಿದರೆ ಮೊಣಕೈವರೆಗೂ ಹೋಗುತ್ತದೆ. ಅದೇ ಮಣ್ಣನ್ನು ನೆನೆಸಿ, ತುಳಿದು, ಕೆಸರು ಮಾಡಿ ಬಿರುಕು ತುಂಬಿದೆವು. ನಾಲ್ಕು ಬಿಸಿಲಿಗೆ ಅದು ಒಣಗಿ ಬಾಜುವಿನಲ್ಲೇ ಮತ್ತೆ ಬಿರಿಯಿತು. ಉಪ್ಪಿನ ಪೊರೆಯನ್ನು ಸಲಿಕೆಯಿಂದ ಕೆರೆದರೂ ಕೆಳಗಿನಿಂದ ಮತ್ತೆ ಬೆಳ್ಳಗೆ ಎದ್ದಿತು. ಅದನ್ನು ತೊಳೆಯಲು, ಆ ಬಿರುಕು ಮುಚ್ಚಲು ನೀರೇ ಬರಬೇಕು, ಬೇರೆ ಉಪಾಯವಿಲ್ಲ ಎಂದು ಅನ್ನಿಸತೊಡಗಿತು. ಕೆರೆಯ ಗೇಟಿನ ಹತ್ತಿರ ಹಳ್ಳದ ಕಡೆಗೆ ಇಳಿಯುವ ಒಂದು ದಾರಿ ಇದೆ. ಹನಿ ನೀರೂ ಪೋಲಾಗಬಾರದೆಂದು ಊರ ಹುಡುಗರು ಅದಕ್ಕೆ ಮಣ್ಣಿನ ಒಡ್ಡು ಹಾಕಿ ಗಟ್ಟಿಯಾಗಿ ಮುಚ್ಚಿದ್ದರು. ನನ್ನ ಕಣ್ಣು ಮತ್ತೆ ಮತ್ತೆ ಆ ಒಡ್ಡಿನ ಕಡೆಗೇ ಹೋಗುತ್ತಿತ್ತು.

ಕಾಲುವೆಗೆ ನೀರು ಬಿಡುವ ಸರಕಾರಿ ನೌಕರನಿಗೆ ನಮ್ಮ ಕಡೆ ಸೌಡಿ ಅನ್ನುತ್ತಾರೆ. ನಮ್ಮ ಸೌಡಿ ಒಂದು ಮುಂಜಾನೆ ಮೋಟಾರ್ ಸೈಕಲ್ಲಿನಲ್ಲಿ ಕೂಗುತ್ತ ಬಂದ: "ಅಜ್ಜೀ, ನೀರ ಬಂದಾವ್ರಿ! ಹಿಂದಿನ ಊರ ದಾಟ್ಯಾವ!"

ಊರೇ ಕೆರೆಗೆ ಓಡಿತು. ಸಣ್ಣ ಕಾಲುವೆಯಲ್ಲಿ ನೀರಿಗಿಂತ ಮೊದಲು ನೊರೆ ಬಂತು, ಕಸ ಬಂತು, ಆಮೇಲೆ ಕರ್ರಗೆ ನೀರು. ಬಿರುಕುಗಳಲ್ಲಿ ಗುಳುಗುಳು ಎಂದು ಇಳಿಯುತ್ತ, ತುಂಬುತ್ತ, ಮುಂದೆ ಬಂತು. ನಾನು ಒಂದು ಬೊಗಸೆ ಎತ್ತಿ ನಾಲಿಗೆಗೆ ಹಚ್ಚಿದೆ. ಸವುಳು.

ನನ್ನ ಗೆಳತಿ, ಓಣಿಯ ಹಿರಿಯಳು, ಆರತಿ ತಟ್ಟೆ ಹಿಡಿದು ಹೆಂಗಸರ ಮುಂದೆ ನಿಂತಿದ್ದಳು. ಪಂಚಾಯತಿ ಅಧ್ಯಕ್ಷರು, "ಚಕ್ರಾ ತಿರುವ್ರಿ, ಯಾಕ ತಡಾ?" ಎಂದರು.

ನಾನು ಹೋಗಿ ಗೇಟಿನ ಚಕ್ರ ಎರಡೂ ಕೈಯಿಂದ ಹಿಡಿದು ನಿಂತುಬಿಟ್ಟೆ. "ಈ ನೀರ ಒಳಗ ಬ್ಯಾಡ್ರಿ. ಹಳ್ಳಕ್ಕ ಬಿಡೂಣು. ಕಾಲುವಿ ತೊಳದ ಮ್ಯಾಲ ಬರೂ ನೀರ ತಗೊಳ್ಳೂಣು."

ಎಲ್ಲರೂ ಒಮ್ಮೆಲೇ ಮಾತಾಡಿದರು.

ಅಧ್ಯಕ್ಷರು ಸಿಟ್ಟಿಗೆದ್ದರೂ ಅವರ ಮಾತಲ್ಲಿ ತಪ್ಪಿರಲಿಲ್ಲ: "ನಾವು ಕೊನೀ ಊರವರವ್ವಾ. ಮ್ಯಾಲೆ ಬಂದ್ ಮಾಡಿದ್ರಂದ್ರ ನಾಳೆ ಹನಿ ನೀರ ಬರೂದಿಲ್ಲ. ಆಮ್ಯಾಲ ಊರ ಏನ ಕುಡಿಬೇಕು, ನಿನ್ನ ಹಟಾ ಕುಡಿಬೇಕೇನು?"

ನಾನು ಸೌಡಿಯನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. "ನಾಳೆ ನೀರ ಇರತೈತಿ ಅಂತ ನಾ ಹೆಂಗ ಹೇಳ್ಲಿ ಅಜ್ಜಿ? ಮ್ಯಾಲಿನವರು ಬಂದ್ ಮಾಡು ಅಂದ್ರ ಮಾಡಾವ ನಾ."

ಗೆಳತಿಗೆ ಬೇರೆಯದೇ ಸಂಕಟ. ಅವಳ ಕಣ್ಣಲ್ಲಿ ನೀರು ಬಂದಿತ್ತು. "ಏನ್ ಬೇ ನೀ? ಬಾಗಲಕ ಬಂದ ಗಂಗವ್ವನ್ನ ಹಳ್ಳಕ್ಕ ಅಟ್ಟತಿ? ಹೆಣ್ಣಮಗಳಾಗಿ ಇದನ್ನ ಹೆಂಗ ಆಡಿದಿ?"

ಸೊಸೆಯಂತೂ ನನ್ನ ಸೆರಗು ಹಿಡಿದು ಜಗ್ಗಿದಳು. "ಅತ್ತೀ, ಕೆರಿ ಖಾಲಿ ಉಳದ್ರ ಆ ಕುಂದಗೋಳದವರು ಬರತಾರೇನ್ರಿ? ನನ್ನ ಮಗನ ಮದವಿ ಹಳ್ಳಕ್ಕ ಬಿಡತೀರೇನು?"

ಅವಳ ಮಾತು ಎದೆಗೆ ಬಡಿಯಿತು. ಅಧ್ಯಕ್ಷರ ಭಯ ನನಗೂ ಇತ್ತು. ಕೆರೆ ಖಾಲಿ ಉಳಿದರೆ ಊರು ನನಗೆ ಛೀಮಾರಿ ಹಾಕುತ್ತದೆ, ಮೊಮ್ಮಗ ಬಾಯಿಬಿಟ್ಟು ಏನೂ ಅನ್ನದೆ ಗಿರಣಿಗೆ ಹೋಗಿ ಕೂಡುತ್ತಾನೆ. ಆದರೆ ಈ ನೀರು ಒಳಗೆ ಬಂದರೂ ಹುಡುಗಿ ಬರುವುದಿಲ್ಲ. ಅದು ಮಾತ್ರ ಖಾತ್ರಿ ಇತ್ತು.

ನಾನು ಗೆಳತಿಯ ಕಡೆ ತಿರುಗಿದೆ. "ಯಕ್ಕಾ, ನಿನ್ನ ಮನಿಗೆ ಬೀಗರು ಬಂದ್ರ ಏನ್ ಮಾಡತಿ? ಧೂಳಗಾಲಲೇ ಪಡಸಾಲಿಗೆ ಕರೀತಿಯೇನು? ಬಾಗಲದಾಗ ನಿಲ್ಲಿಸಿ, ಚರಗಿ ನೀರ ಕೊಟ್ಟು, ಕಾಲ ತೊಳಕೊಳ್ರಿ ಅನ್ನೂದಿಲ್ಲಾ? ಗಂಗವ್ವ ಎಷ್ಟ ದೂರದಿಂದ ನಡಕೋಂತ ಬಂದಾಳ. ಆಕಿ ಕಾಲ ತೊಳಕೊಂಡ ಒಳಗ ಬರ್ಲಿ ಅಂತೇನಿ. ಅಟ್ಟು ಅಂತ ಎಲ್ಲಿ ಅಂದೆ?"

ಗಂಡಸರಲ್ಲಿ ಯಾರೋ ನಕ್ಕರು. ಗೆಳತಿ ನಗಲಿಲ್ಲ. ಆರತಿ ತಟ್ಟೆಯನ್ನು ನನ್ನ ಸೊಸೆಯ ಕೈಗೆ ಕೊಟ್ಟು, ಪೂಜೆಗೆ ತಂದಿದ್ದ ತಂಬಿಗೆ ಎತ್ತಿ, ಗೇಟಿನ ಹೊಸ್ತಿಲ ಕಲ್ಲಿನ ಮೇಲೆ ನೀರು ಸುರಿದಳು. "ತೊಳಕೋ ತಾಯಿ. ತೊಳಕೊಂಡ ಬಾ. ನಾವು ಆರತಿ ಹಿಡಕೊಂಡ ಇಲ್ಲೇ ಕುಂತಿರತೇವಿ," ಎಂದು ಕೆರೆಯ ದಂಡೆಯ ಮೇಲೆ ಕುಳಿತೇಬಿಟ್ಟಳು. ಅವಳ ಹಿಂದೆ ಹೆಂಗಸರೆಲ್ಲ ಕುಳಿತರು.

ಅಧ್ಯಕ್ಷರು ಒಂದು ಶರತ್ತು ಹಾಕಿದರು: "ಹೊತ್ತು ಮುಳುಗೂತನಕ ಅಷ್ಟ. ಆಮ್ಯಾಲ ನೀರ ಹೆಂಗ ಇದ್ರೂ ಒಳಗ." ನನಗೆ ಮರುದಿನದವರೆಗೆ ಬಿಡಬೇಕೆಂದಿತ್ತು, ಆದರೂ ಒಪ್ಪಿದೆ.

ಈಗ ಹಳ್ಳದ ಕಡೆಯ ಒಡ್ಡು ಕಡಿಯಬೇಕು. ಗುದ್ದಲಿ ಮೊಮ್ಮಗನ ಕೈಯಲ್ಲಿತ್ತು. ಆ ಒಡ್ಡು ಹಾಕಿದವರಲ್ಲಿ ಅವನೂ ಒಬ್ಬ. ಅವನು ತನ್ನ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ.

"ಆಯೀ, ಖರೇನ ಕಡೀಲೇನು?"

"ಕಡಿ ಮಗನ. ತಪ್ಪಾದ್ರ ನನ್ನ ಬೈಯಿ."

"ಬೈದ್ರ ಹೆಣ್ಣ ಸಿಗತಾಳೇನು?" ಎಂದು ಒಂದು ನಗು ನಕ್ಕು, ಗುದ್ದಲಿ ಎತ್ತಿ ಹೊಡೆದ. ಮಣ್ಣು ಕುಸಿದು, ಕರ್ರಗಿನ ನೀರು ನೊರೆಯ ಸಮೇತ ಹಳ್ಳಕ್ಕೆ ಧುಮುಕಿತು. ಊರವರೆಲ್ಲ ಅದು ಹೋಗುವುದನ್ನು ನೋಡುತ್ತ ನಿಂತರು. ಸೊಸೆ ಆರತಿ ತಟ್ಟೆಯನ್ನು ಗೆಳತಿಗೆ ತಿರುಗಿ ಕೊಟ್ಟು ಮನೆಗೆ ಹೋದಳು.

ಮಧ್ಯಾಹ್ನವೆಲ್ಲ ನನ್ನ ಕೆಲಸ ಒಂದೇ: ತಂಬಿಗೆಯಲ್ಲಿ ನೀರು ಹಿಡಿಯುವುದು, ಬಿಸಿಲಿಗೆ ಎತ್ತಿ ನೋಡುವುದು, ರುಚಿ ನೋಡಿ ಉಗುಳುವುದು. ಕರ್ರಗಿದ್ದದ್ದು ಮಣ್ಣಿನ ಬಣ್ಣಕ್ಕೆ ಬಂತು, ಆಮೇಲೆ ತೆಳುವಾಗುತ್ತ ಬಂತು. ಕಸ ನಿಂತಿತು. ಬಿರುಕುಗಳು ಕುಡಿದು ಕುಡಿದು ಉಬ್ಬಿ ಮುಚ್ಚಿಕೊಂಡವು. ಗುಳುಗುಳು ಸಪ್ಪಳವೂ ನಿಂತಿತು. ಹೊತ್ತು ಇಳಿಯುವಾಗ ರುಚಿ ನೋಡಿದರೆ ನಾಲಿಗೆಗೆ ಏನೂ ಹತ್ತಲಿಲ್ಲ. ಆದರೆ ಬೆಳಗಿನಿಂದ ಉಗುಳಿ ಉಗುಳಿ ನನ್ನ ನಾಲಿಗೆ ಮೇಲೆ ನನಗೇ ನಂಬಿಕೆ ಹೋಗಿತ್ತು. ಒಂದು ಕೊಡ ತುಂಬಿ ಮೊಮ್ಮಗನ ಕೈಯಲ್ಲಿ ಮನೆಗೆ ಕಳಿಸಿದೆ. "ನಿಮ್ಮವ್ವಗ ಹೇಳು, ಸೋಸಿ ಬ್ಯಾಳಿ ಹಾಕಿ ನೋಡು ಅಂತ."

ಸೂರ್ಯ ಇನ್ನೇನು ಮುಳುಗಬೇಕು, ಅಧ್ಯಕ್ಷರು ಕೈ ಕಟ್ಟಿಕೊಂಡು ಪಡುವಣ ನೋಡುತ್ತಿದ್ದಾರೆ, ಅಷ್ಟರಲ್ಲಿ ಸೊಸೆ ಬಂದಳು. ಓಡಿಯೇ ಬಂದಳು. ಕೈಯಲ್ಲಿ ಸಾರಿನ ಬಟ್ಟಲು. ಬೆರಳಿನಿಂದ ಒಂದು ಬೇಳೆ ಎತ್ತಿ ನನ್ನ ಕಣ್ಣ ಮುಂದೆ ಹಿಚುಕಿದಳು. ಬೆಣ್ಣೆಯ ಹಾಗೆ ನುಣ್ಣಗಾಯಿತು. "ಬೆಂದೈತ್ರಿ ಅತ್ತೀ! ಒಂದ್ ಕುದಿಗೆ ಬೆಂದೈತಿ!" ಅವಳ ಸಿಟ್ಟು ಎಲ್ಲಿ ಹೋಗಿತ್ತೋ ಏನೋ. ಅದೇ ಬೇಳೆಯನ್ನು ಅಧ್ಯಕ್ಷರಿಗೂ ತೋರಿಸಿದಳು.

ಹಳ್ಳದ ದಾರಿಗೆ ಮತ್ತೆ ಒಡ್ಡು ಹಾಕಿದರು. ಮೊಮ್ಮಗ ಚಕ್ರ ತಿರುಗಿಸಿದ. ಗೆಳತಿ ಆರತಿ ಹಚ್ಚಿದಳು. ನೀರು ಜಾಳಿಗೆ ದಾಟಿ ಕಲ್ಲಿನ ಮೇಲೆ ಸದ್ದಿಲ್ಲದೆ ಹರಡಿತು.

ಇಲ್ಲಿಗೇ ಮುಗಿದಿದ್ದರೆ ನನ್ನ ಜೀವಕ್ಕೆ ಅಷ್ಟು ದಣಿವಾಗುತ್ತಿರಲಿಲ್ಲ. ಮರುದಿನ ಕೆರೆ ಅರ್ಧ ತುಂಬುವಷ್ಟರಲ್ಲಿ ಕಾಲುವೆಯ ನೀರು ಸಣ್ಣಗಾಯಿತು. ಸೌಡಿ ಬಂದು, "ಮ್ಯಾಲೆ ಬಂದ್ ಮಾಡಾಕತ್ತಾರ್ರಿ," ಎಂದು ತಲೆ ತಗ್ಗಿಸಿದ. ಎಲ್ಲರೂ ನನ್ನನ್ನೇ ನೋಡಿದರು. ಹಳ್ಳಕ್ಕೆ ಬಿಟ್ಟ ನೀರು ಎಲ್ಲರ ಕಣ್ಣಲ್ಲೂ ಇತ್ತು. ನನಗೆ ಊಟ ಸೇರಲಿಲ್ಲ. ಆಗ ನನ್ನ ಕೈ ಹಿಡಿದವರು ಅಧ್ಯಕ್ಷರೇ. ಹಿಂದಿನ ದಿನ ನನ್ನ ಜೊತೆ ಅಷ್ಟು ಜಗಳಾಡಿದವರು, ಸೌಡಿಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಕಾಲುವೆ ಕಚೇರಿಗೆ ಹೋದರು. ಅಲ್ಲಿ ಏನು ಹೇಳಿದರೋ, ಎಷ್ಟು ಕಾಡಿದರೋ, ಕೊನೆಯ ಊರಿಗಾಗಿ ಇನ್ನೊಂದು ದಿನ ನೀರು ಬಿಡಲು ಒಪ್ಪಿಸಿಕೊಂಡು ಬಂದರು. ಮೇಲಿನ ಕೆಲವು ಮೆಟ್ಟಿಲು ಒಣಗಿಯೇ ಉಳಿದವು. ಆದರೆ ಅಂಥ ನೀರನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಕೆಲವು ದಿನ ಯಾರಿಗೂ ಕೊಡ ಮುಟ್ಟಿಸಲು ಬಿಡದೆ, ಕೆಸರು ಕೆಳಗೆ ಕೂಡುವ ತನಕ ಕಾದೆ. ತಿಳಿಯಾದ ಮೇಲೆ ಕುಂದಗೋಳಕ್ಕೆ ಫೋನು ಹೋಯಿತು.

ನಿನ್ನೆ ಅವರು ಬಂದರು. ಹುಡುಗಿ, ಅವಳ ತಂದೆ, ಸೋದರತ್ತೆ. ಸೋದರತ್ತೆ ಬಹಳ ಖಡಕ್. ನೀರು ಬೆಲ್ಲ ಕೊಟ್ಟರೆ, ಒಂದು ಗುಟುಕು ಕುಡಿದು ಸೊಸೆಯನ್ನು ದಿಟ್ಟಿಸಿ ನೋಡಿದಳು.

"ಅಂಗಡ್ಯಾಗಿನ ಕ್ಯಾನ್ ನೀರೇನ್ರಿ ಇವು?"

ಸೊಸೆಯ ಮುಖ ಕೆಂಪಾಯಿತು. ನಾನು ಎದ್ದೆ. "ಏಳ್ರಿ, ಕೆರಿಗೇ ಹೋಗೂಣು."

ಎಲ್ಲರೂ ಕೆರೆಗೆ ನಡೆದೆವು. ಸೋದರತ್ತೆ ನೀರು ನೋಡುವ ಅವಸರದಲ್ಲಿ ಮೆಟ್ಟಿಲಿಗೆ ಕಾಲಿಟ್ಟಳು. ನನ್ನ ಬಾಯಿ ನನ್ನ ಕೈಯಲ್ಲಿ ಇರಲಿಲ್ಲ. "ಏ! ಚಪ್ಪಲಿ!" ಎಂದು ಊರ ಹುಡುಗರಿಗೆ ಕೂಗುವ ಹಾಗೆಯೇ ಕೂಗಿಬಿಟ್ಟೆ. ಬೀಗಿತಿ ಆಗುವವಳಿಗೆ! ಮೊಮ್ಮಗ ಕಣ್ಣು ಮುಚ್ಚಿಕೊಂಡ. ಸೋದರತ್ತೆ ತಿರುಗಿ ನನ್ನನ್ನು ನೋಡಿದಳು. ಎಲ್ಲ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಹುಡುಗಿ ಕಿಸಕ್ಕನೆ ನಕ್ಕು, ತನ್ನ ಚಪ್ಪಲಿ ಬಿಟ್ಟು, ಅತ್ತೆಯ ಚಪ್ಪಲಿಯನ್ನೂ ಕೈಯಲ್ಲಿ ಎತ್ತಿ ದಂಡೆಗೆ ಇಟ್ಟಳು.

"ಇಷ್ಟ ಖಡಕ್ ಕಾಯವರ ಇದ್ರ ನೀರ ಚಲೋನ ಇರತಾವ ಬಿಡ್ರಿ," ಎಂದಳು ಸೋದರತ್ತೆ. ಮೆಟ್ಟಿಲು ಇಳಿದು ಬೊಗಸೆಯಲ್ಲಿ ಕುಡಿದಳು. ಮತ್ತೊಂದು ಬೊಗಸೆ ಕುಡಿದಳು. ಆಮೇಲೆ ಅಣ್ಣನ ಕಡೆ ನೋಡಿ ಹೂಂ ಎಂದು ತಲೆಯಾಡಿಸಿದಳು.

ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಮ್ಮಾರ, ಇದರಾಗ ದನಾ ಬಿಡಂಗಿಲ್ಲಲ್ರಿ. ಮತ್ತ ಆಕಳಿಗೆ ನೀರ ಎಲ್ಲಿ?"

ನಾನು ಅವಳ ಕೈ ಹಿಡಿದು ಹಳ್ಳ ತೋರಿಸಿದೆ. ನಾವು ಬಿಟ್ಟ ನೀರು ತಗ್ಗಿನಲ್ಲಿ ಮಡು ನಿಂತಿತ್ತು. ಊರ ಎಮ್ಮೆಗಳು ಅದರಲ್ಲಿ ಮೂಗಿನವರೆಗೆ ಮುಳುಗಿ ಮಲಗಿದ್ದವು. ಅವಳು ಎಷ್ಟು ಹೊತ್ತು ನೋಡಿದಳೆಂದರೆ, ಮೊಮ್ಮಗ ತನ್ನನ್ನು ಒಮ್ಮೆಯಾದರೂ ನೋಡುತ್ತಾಳೋ ಇಲ್ಲವೋ ಎಂದು ಕಾಲು ಬದಲಿಸುತ್ತ ನಿಂತ. ಕೊನೆಗೆ ನೋಡಿದಳು. "ನಿಮ್ಮ ಗಿರಣ್ಯಾಗ ಆಕಳ ಹಿಂಡಿ ಒಡೀತೈತೇನ್ರಿ?" ಎಂದು ಕೇಳಿದಳು. ಅವನು, "ಒಡಸೂಣಂತ," ಎಂದ. ಅಷ್ಟೇ ಅವರ ಮಾತು. ಸಾಕಾಗಿತ್ತು.

ಅವರು ನಾಲ್ಕು ಗಂಟೆಯ ಬಸ್ಸಿಗೆ ಹೋದರು. ಸುದ್ದಿ ಕೇಳಿ ಅಣ್ಣಿಗೇರಿಯಿಂದ ನನ್ನ ಮಗಳು, ಅಳಿಯ ಬಂದರು. ಬೀಗರನ್ನು ಬಸ್ಸು ಹತ್ತಿಸಲು ಹೋಗಿದ್ದ ಮಗ ತಿರುಗಿ ಬಂದ. ಸೊಸೆ ಗೋದಿ, ಬೆಲ್ಲದ ಮಾದಲಿ ಮಾಡಿದಳು, ಎಣ್ಣೆಗಾಯಿ ಮಾಡಿದಳು, ಮಗಳು ರೊಟ್ಟಿ ಬಡಿದಳು. ನಮ್ಮ ಮನೆಯಲ್ಲಿ ಮೊದಲು ಗಂಡಸರು, ಆಮೇಲೆ ಹೆಂಗಸರು ಉಣ್ಣುವುದು ರೂಢಿ. ನಿನ್ನೆ ಸಂಜೆ ಸೊಸೆ ಜಮಖಾನೆ ಉದ್ದಕ್ಕೆ ಹಾಸಿ, "ಇವತ್ತ ಎಲ್ಲಾರೂ ಕೂಡೇ ಕೂಡೂಣು," ಎಂದಳು. ಕೂತೆವು.

ಮೊದಲ ತುತ್ತಿಗೇ ಜಗಳ ಸುರುವಾಯಿತು. ಆಕಳು ಕಟ್ಟುವುದು ಎಲ್ಲಿ? ಮಗ ಹಿತ್ತಲಲ್ಲಿ ಅಂದ. ಹಿತ್ತಲು ಇಕ್ಕಟ್ಟು, ಗಿರಣಿಯ ಬಾಜು ಚಪ್ಪರ ಹಾಕೂಣು ಅಂದಳು ಸೊಸೆ. ಗಿರಣಿಯ ಸಪ್ಪಳಕ್ಕೆ ಆಕಳು ಹಾಲು ಕೊಡದೆ ಏರಿಸಿಕೊಳ್ಳುತ್ತವೆ ಎಂದ ಅಳಿಯ. ಮೊಮ್ಮಗ ಮಾದಲಿಗೆ ತುಪ್ಪ ಸುರಿದುಕೊಳ್ಳುತ್ತಲೇ ಇದ್ದ.

"ಆಕಿ ಬರ್ಲಿ, ಆಕೀನ ಹೇಳ್ಲಿ. ಈಗ ಉಣ್ರಿ," ಎಂದೆ.

ಎಲ್ಲರೂ ನಕ್ಕರು. ಸೊಸೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಬೇಡ ಅನ್ನಲಿಲ್ಲ.